ಸಂಗ್ರಾಹಕ ಸಾಲಾರ್ ಜಂಗರೂ ಕೊಪ್ಪಳ-ಅಜಂತೆಗಳ ಋಣವೂ

ಹಳೆಯ ವಸ್ತುಗಳನ್ನು ಕೊಂಡು ಮನೆಯನ್ನು ಸಿಂಗರಿಸುವ ಹವ್ಯಾಸ ಶ್ರೀಮಂತರಲ್ಲಿ ಹೊಸತೇನೂ ಅಲ್ಲ. ಆದರೆ ಆ ಒಂದು ಹವ್ಯಾಸಕ್ಕಾಗಿ ವಿಸ್ತಾರವಾದ ಜಾಗೀರಿನ ಉತ್ಪನ್ನದ ಬಹುಭಾಗವನ್ನು ಸುಮಾರು ಮೂವತ್ತೈದು ವರ್ಷಗಳ ಕಾಲ ವೆಚ್ಚಮಾಡಿ, ಕಡೆಗೆ ಆ ವಸ್ತುಗಳ ನಡುವೆಯೇ ಒಂಟಿಯಾಗಿ ಕಣ್ಮುಚ್ಚಿದವರು ವಿರಳ. ಹೈದರಾಬಾದಿನ ಮೂರನೆಯ ಸಾಲಾರ್ ಜಂಗ್, ನವಾಬ ಮೀರ್ ಯೂಸುಫ್ ಅಲಿ ಖಾನರು ಅಂಥವರಲ್ಲಿ ಒಬ್ಬರು. ಅವರ ಹೆಸರನ್ನು ಹೊತ್ತ ವಸ್ತುಸಂಗ್ರಹಾಲಯ ಇಂದು ಹೈದರಾಬಾದಿನಲ್ಲಿ ಮೂಸಿ ನದಿಯ ದಕ್ಷಿಣ ದಡದ ಮೇಲಿದೆ. ಅದನ್ನು ನೋಡಿದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಆದರೆ ಅದಕ್ಕೂ ನಮಗೂ ಇರುವ ಸಂಬಂಧವನ್ನು ಬಲ್ಲವರು ಕೆಲವರೇ.

ಶೇಂದ್ರಾದ ಕಾರ್ಖಾನೆಗಳ ಆಸುಪಾಸಿನ ಉಪಾಹಾರಗೃಹಗಳಲ್ಲಿ ದುಡಿಯುವ, ಕಚೇರಿಗಳಲ್ಲಿ ಲೆಕ್ಕಪತ್ರ ನೋಡುವ ಕನ್ನಡಿಗರಿಗೆ ಈ ಚರಿತ್ರೆಯನ್ನು ಹೇಳಲು ನಮಗೊಂದು ವಿಶೇಷ ಕಾರಣವಿದೆ. ಶೇಂದ್ರಾದಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರು ದೂರದಲ್ಲಿರುವ ಅಜಂತಾ ಊರು ಸಾಲಾರ್ ಜಂಗರ ಜಾಗೀರಿನಲ್ಲಿತ್ತು. ನಮ್ಮ ಕರ್ನಾಟಕದ ಕೊಪ್ಪಳ ಮತ್ತು ಯಲಬುರ್ಗಾ ತಾಲ್ಲೂಕುಗಳೂ ಅದೇ ಜಾಗೀರಿಗೆ ಸೇರಿದ್ದವು. ಮರಾಠಿ ಮಾತನಾಡುವ ಅಜಂತೆಯ ರೈತನೂ ಕನ್ನಡ ಮಾತನಾಡುವ ಕೊಪ್ಪಳದ ರೈತನೂ ಒಬ್ಬನೇ ಒಡೆಯನಿಗೆ ಕಂದಾಯ ಸಲ್ಲಿಸುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಹೈದರಾಬಾದಿನ ಆ ಅಮೃತಶಿಲೆಯ ಪ್ರತಿಮೆಗಳಿಗೂ ದಂತದ ಕುರ್ಚಿಗಳಿಗೂ ಇಬ್ಬರೂ ಸೇರಿಯೇ ಬೆಲೆ ತೆತ್ತರು.

ಜಾಗೀರೆಂದರೆ ಏನೆಂಬುದನ್ನು ಇಂದಿನ ತರುಣರಿಗೆ ಎರಡು ಮಾತಿನಲ್ಲಿ ತಿಳಿಸುವುದು ಅಗತ್ಯ. ನಿಜಾಮರ ರಾಜ್ಯದ ಭೂಮಿಯೆಲ್ಲ ಸರಕಾರದ ನೇರ ಆಡಳಿತದಲ್ಲಿರಲಿಲ್ಲ. ಸರಕಾರದ ಭಾಗಕ್ಕೆ ದಿವಾನಿ ಎಂದೂ, ನಿಜಾಮರ ಸ್ವಂತ ಭಾಗಕ್ಕೆ ಸರ್ಫೆಖಾಸ್ ಎಂದೂ ಹೆಸರು. ಉಳಿದ ಹಳ್ಳಿಗಳ ಕಂದಾಯವನ್ನು ದೊಡ್ಡ ಮನೆತನಗಳಿಗೆ ಬಿಟ್ಟುಕೊಡಲಾಗಿತ್ತು, ಅವೇ ಜಾಗೀರುಗಳು. ಸಾಲಾರ್ ಜಂಗರಂಥ ದೊಡ್ಡ ಜಾಗೀರುದಾರರಿಗೆ ತಮ್ಮದೇ ತಹಸೀಲುದಾರರು, ತಮ್ಮದೇ ಪೊಲೀಸರು ಮತ್ತು ನ್ಯಾಯಾಲಯಗಳು ಇದ್ದವು. ಹೊಲ ಕೊಪ್ಪಳದಲ್ಲಿ, ಬೆಳೆ ಜೋಳ, ಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಆದರೆ ಕಂದಾಯದ ಹಣ ಮಾತ್ರ ಹೈದರಾಬಾದಿನ ದಿವಾನ್ ದೇವಡಿಗೆ ಹೋಗಿ ಸೇರಬೇಕು. ಇದು ಆಗಿನ ವ್ಯವಸ್ಥೆ.

ಈ ಮನೆತನದ ಮೂಲವೂ ನಮ್ಮ ನಾಡಿಗೆ ಹೊರತಲ್ಲ. ಅವರ ಪೂರ್ವಜರು ಮದೀನಾದಿಂದ ಬಂದು ಬಿಜಾಪುರದ ಆದಿಲಶಾಹಿ ದರಬಾರಿನಲ್ಲಿ ಆಶ್ರಯ ಪಡೆದವರೆಂಬುದು ಮನೆತನದ ವೃತ್ತಾಂತ. ಬಿಜಾಪುರ ಮುಳುಗಿದ ಮೇಲೆ ಮೊಗಲರ ಸೇವೆ, ತರುವಾಯ ನಿಜಾಮರ ಸೇವೆ, ಹೀಗೆ ಅವರು ಮೇಲೆ ಬಂದರು. ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಅವರಿಗೆ ಮೀರ್ ಆಲಂ ಅವರ ಮನೆತನದೊಡನೆ ವಿವಾಹಸಂಬಂಧ ಬೆಳೆಯಿತು. 1799ರಲ್ಲಿ ಇಂಗ್ಲಿಷರ ಜೊತೆಗೂಡಿ ಶ್ರೀರಂಗಪಟ್ಟಣದ ಮೇಲೆ ಹೋದ ನಿಜಾಮರ ಸೈನ್ಯದ ಮುಖ್ಯಸ್ಥರು ಇದೇ ಮೀರ್ ಆಲಂ. ಮುಂದೆ ಅವರು ನಿಜಾಮರ ಪ್ರಧಾನಿಯೂ ಆದರು. ಅಲ್ಲಿಂದಾಚೆಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹೈದರಾಬಾದಿನ ಪ್ರಧಾನಿಯ ಪದವಿ ಈ ಬಳಗದ ಕೈಯಲ್ಲಿ ಆಗಾಗ ಬಂದುಹೋಗುತ್ತಿತ್ತು.

ಮನೆತನಕ್ಕೆ ಅಖಿಲ ಭಾರತದಲ್ಲಿ ಕೀರ್ತಿ ತಂದವರು ಒಂದನೆಯ ಸಾಲಾರ್ ಜಂಗ್, ಮೀರ್ ತುರಾಬ್ ಅಲಿ ಖಾನರು. 1853ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ಹರೆಯದಲ್ಲಿ, ಅವರು ಪ್ರಧಾನಿಯಾದರು. ಬೊಕ್ಕಸ ಬರಿದಾಗಿತ್ತು, ಕಂದಾಯ ವಸೂಲಿ ಗುತ್ತಿಗೆದಾರರ ಪಾಲಾಗಿತ್ತು. ಅವರು ಗುತ್ತಿಗೆಯನ್ನು ತೆಗೆದು ಸಂಬಳದ ನೌಕರರನ್ನು ನೇಮಿಸಿದರು; 1865ರಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದರು. 1883ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತು ವರ್ಷ, ಅಧಿಕಾರದಲ್ಲಿದ್ದರು.

1876ರಲ್ಲಿ ಅವರು ಯುರೋಪಿನ ಪ್ರವಾಸ ಕೈಗೊಂಡರು. ಆ ಪ್ರವಾಸದಲ್ಲಿ ರೋಮ್ ನಗರದಲ್ಲಿ ಬೆಂಜೋನಿ ಎಂಬ ಇಟಲಿಯ ಶಿಲ್ಪಿ ಕೆತ್ತಿದ ರೆಬೆಕಾಳ ಪ್ರತಿಮೆಯನ್ನು ಕೊಂಡುತಂದರು. ಬೈಬಲಿನ ಹಳೆಯ ಒಡಂಬಡಿಕೆಯ ಪ್ರಕಾರ ರೆಬೆಕಾ, ತನ್ನನ್ನು ವರಿಸಲಿರುವ ಐಸಾಕನನ್ನು ದೂರದಿಂದ ಕಂಡು ಮುಖಕ್ಕೆ ಮುಸುಕೆಳೆದುಕೊಂಡ ಕನ್ಯೆ. ಮುಖವೂ ಮುಸುಕೂ ಒಂದೇ ಅಮೃತಶಿಲೆ. ಆದರೂ ತೆಳುವಾದ ಅರಿವೆಯ ಹಿಂದಿನಿಂದ ಕಣ್ಣು, ಮೂಗು, ತುಟಿಗಳು ಕಾಣುತ್ತಿರುವಂತೆ ನೋಡುವವರಿಗೆ ಭಾಸವಾಗುತ್ತದೆ. ಬೆಂಜೋನಿ ಇದರ ಪ್ರತಿಗಳನ್ನು ಬೇರೆ ಗಿರಾಕಿಗಳಿಗೂ ಮಾಡಿಕೊಟ್ಟಿದ್ದನು. ಭಾರತಕ್ಕೆ ಬಂದ ಪ್ರತಿ ಇಂದು ಆ ಸಂಗ್ರಹಾಲಯದ ಮುಖ್ಯ ಆಕರ್ಷಣೆಯಾಗಿದೆ.

ಅದೇ 1876ರಲ್ಲಿ ದಕ್ಷಿಣದಲ್ಲಿ ಮಳೆ ತಪ್ಪಿತು. ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆದದ್ದು ಇದನ್ನೇ. ಬಳ್ಳಾರಿ, ಧಾರವಾಡ, ರಾಯಚೂರು ಸೀಮೆಗಳಲ್ಲಿ ಎರಡು ವರ್ಷ ಜನ, ದನ ಎರಡೂ ಸತ್ತವು. ಮೈಸೂರು ಸಂಸ್ಥಾನವೂ ಆ ಬರದಲ್ಲಿ ತನ್ನ ಪ್ರಜೆಗಳಲ್ಲಿ ದೊಡ್ಡ ಪಾಲನ್ನು ಕಳೆದುಕೊಂಡಿತು. ಪ್ರತಿಮೆಯನ್ನು ಕೊಳ್ಳುವಾಗ ಬರ ಬರುವುದೆಂದು ಪ್ರಧಾನಿಗೆ ತಿಳಿದಿರಲಿಲ್ಲ. ಆದುದರಿಂದ ಅದನ್ನು ಅವರ ಮೇಲೆ ದೋಷವಾಗಿ ಹೊರಿಸುವುದು ನ್ಯಾಯವಲ್ಲ. ಆದರೆ ರೆಬೆಕಾಳ ಮುಸುಕನ್ನು ನೋಡಿ ಬೆರಗಾಗುವವರು ಆ ವರ್ಷವನ್ನೂ ನೆನಪಿನಲ್ಲಿಡಬೇಕೆಂದು ನಾವು ಭಾವಿಸುತ್ತೇವೆ.

ಒಂದನೆಯ ಸಾಲಾರ್ ಜಂಗರ ಮಗ ಮೀರ್ ಲಾಯಕ್ ಅಲಿ ಖಾನರು ಎರಡನೆಯ ಸಾಲಾರ್ ಜಂಗರೆನಿಸಿದರು. 1884ರಿಂದ 1887ರವರೆಗೆ ಅವರೂ ಪ್ರಧಾನಿಯಾಗಿದ್ದರು. ಅಧಿಕಾರ ಬಿಟ್ಟ ಎರಡು ವರ್ಷಕ್ಕೆ, 1889ರ ಜುಲೈಯಲ್ಲಿ, ಎಳೆಯ ವಯಸ್ಸಿನಲ್ಲಿಯೇ ಅವರು ತೀರಿಕೊಂಡರು. ಅದಕ್ಕೆ ತಿಂಗಳೊಳಗೆ, ಜೂನ್ 13ರಂದು, ಪುಣೆಯಲ್ಲಿ ಅವರಿಗೆ ಗಂಡು ಮಗು ಹುಟ್ಟಿತ್ತು. ಈ ಮಗುವೇ ನಮ್ಮ ಚರಿತ್ರೆಯ ನಾಯಕರಾದ ಮೀರ್ ಯೂಸುಫ್ ಅಲಿ ಖಾನರು. ತಂದೆಯ ಮುಖದ ನೆನಪು ಇರಲು ಅವಕಾಶವೇ ಇರಲಿಲ್ಲ. ತೊಟ್ಟಿಲ ಕೂಸಿನ ಪಾಲಿಗೆ ಅಷ್ಟು ದೊಡ್ಡ ಜಾಗೀರು ಬಂತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಆ ಜಾಗೀರನ್ನು ಸರಕಾರದ ಮೇಲ್ವಿಚಾರಣೆಗೆ ತೆಗೆದುಕೊಂಡು, ಬಾಲಕನ ಪೋಷಣೆ ಮತ್ತು ವಿದ್ಯಾಭ್ಯಾಸಕ್ಕೆ ಏರ್ಪಾಡು ಮಾಡಿದರು. ಹೈದರಾಬಾದಿನಲ್ಲಿಯೇ ಅವರ ಶಿಕ್ಷಣ ನಡೆದು, ನಿಜಾಮ್ ಕಾಲೇಜಿನಲ್ಲಿ ಮುಗಿಯಿತು. ಪಾರ್ಸಿ, ಉರ್ದು, ಇಂಗ್ಲಿಷ್ ಭಾಷೆಗಳ ಪರಿಚಯವಾಯಿತು.

1911ರಲ್ಲಿ ಮಹಬೂಬ್ ಅಲಿ ಖಾನರು ಕಾಲವಾಗಿ, ಮೀರ್ ಉಸ್ಮಾನ್ ಅಲಿ ಖಾನರು ಏಳನೆಯ ನಿಜಾಮರಾದರು. ಮರುವರ್ಷವೇ ಹೊಸ ನಿಜಾಮರು ಮಹಾರಾಜ ಕಿಶನ್ ಪರ್ಷಾದರ ಸ್ಥಾನದಲ್ಲಿ ಯೂಸುಫ್ ಅಲಿ ಖಾನರನ್ನು ಪ್ರಧಾನಿಯಾಗಿ ನೇಮಿಸಿದರು. ಅವರಿಗೆ ಆಗ ಇಪ್ಪತ್ತಮೂರು ವರ್ಷ. ತಾತ ಕುಳಿತ ಪೀಠ, ತಂದೆ ಕುಳಿತ ಪೀಠ. ಊರಿಗೆ ಊರೇ ಮೂರನೆಯ ಸಾಲಾರ್ ಜಂಗರಿಂದ ಬಹಳ ನಿರೀಕ್ಷಿಸಿತ್ತು. ಆದರೆ ಕಾಲ ಬದಲಾಗಿತ್ತು. ಹೊಸ ನಿಜಾಮರು ಅಧಿಕಾರದ ಎಲ್ಲ ಸೂತ್ರಗಳನ್ನೂ ತಮ್ಮ ಕೈಯಲ್ಲಿಟ್ಟುಕೊಳ್ಳಬಯಸಿದವರು. ಎರಡು ವರ್ಷ ಕಳೆಯುವಷ್ಟರಲ್ಲಿ, 1914ರಲ್ಲಿ, ಸಾಲಾರ್ ಜಂಗರು ಪದವಿಯಿಂದ ಹೊರಬಂದರು. ಅವರ ಸ್ಥಾನಕ್ಕೆ ಬೇರೊಬ್ಬರನ್ನು ನೇಮಿಸದೆ ನಿಜಾಮರು 1919ರವರೆಗೆ ತಾವೇ ಆಡಳಿತ ನಡೆಸಿದರೆಂಬುದನ್ನು ನೋಡಿದರೆ, ಆ ಪದವಿಗೆ ಆಗ ಎಷ್ಟು ಸತ್ವ ಉಳಿದಿತ್ತೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಇಪ್ಪತ್ತೈದು ವರ್ಷದ ತರುಣ, ಹಣಕ್ಕೆ ಕೊರತೆಯಿಲ್ಲ, ಮಾಡಲು ಕೆಲಸವಿಲ್ಲ, ಮದುವೆಯಿಲ್ಲ, ಮಕ್ಕಳಿಲ್ಲ. ಇಂಥ ಸ್ಥಿತಿಯಲ್ಲಿ ಎಷ್ಟೋ ನವಾಬಜಾದೆಯರು ಯಾವ ದಾರಿ ಹಿಡಿದರೆಂಬುದು ಲೋಕಕ್ಕೆ ತಿಳಿದ ವಿಷಯ. ಸಾಲಾರ್ ಜಂಗರು ಹಿಡಿದದ್ದು ಬೇರೆಯೇ ದಾರಿ. ಹುಟ್ಟಿನಿಂದಲೂ ಅವರು ಬೆಳೆದದ್ದು ಸುಂದರ ವಸ್ತುಗಳ ನಡುವೆ. ಚಾರ್‌ಮಿನಾರಿಗೆ ಅನತಿದೂರದ ದಿವಾನ್ ದೇವಡಿ ಒಂದು ಮನೆಯಲ್ಲ, ಹಲವು ಮಹಲುಗಳ ಸಮೂಹ. ಕನ್ನಡಿಗಳಿಂದ ಅಲಂಕೃತವಾದ ಆಯಿನಾಖಾನೆ, ಗೋಡೆಗಳಿಗೆ ಚೀನೀ ಪಿಂಗಾಣಿಯನ್ನೇ ಕೂಡಿಸಿದ ಚೀನೀಖಾನೆ, ಮರದ ಕೆಲಸದ ಲಕ್ಕಡ್‌ಕೋಟ್, ನಿಜಾಮ್ ಬಾಗ್ ಮೊದಲಾದ ಭಾಗಗಳು ಅದರಲ್ಲಿದ್ದವು. ಮನೆಯ ಒಳಾಂಗಣವನ್ನು ಹೇಗೆ ಸಿಂಗರಿಸಬೇಕು, ಯಾವ ವಸ್ತುವಿಗೆ ಯಾವ ಬೆಳಕು ಬೀಳಬೇಕು ಎಂಬ ಪಾಠವನ್ನು ಅವರು ಯಾವ ಶಾಲೆಯಲ್ಲಿಯೂ ಕಲಿಯಬೇಕಾಗಿರಲಿಲ್ಲ, ಮನೆಯೇ ಪಾಠಶಾಲೆಯಾಗಿತ್ತು. ತಾತ ಮತ್ತು ತಂದೆ ಕೂಡಿಸಿದ್ದಕ್ಕೆ ತಾವು ಸೇರಿಸಲಾರಂಭಿಸಿದರು. ಇಡೀ ಸಂಗ್ರಹ ಒಬ್ಬರದೇ ಎಂದು ಹೇಳುವ ವಾಡಿಕೆಯುಂಟು. ಅದು ಪೂರ್ತಿ ನಿಜವಲ್ಲ. ಮೂರು ತಲೆಮಾರುಗಳ ಕೈ ಅದರಲ್ಲಿದೆ. ಆದರೆ ಬಹುಪಾಲು ಮೂರನೆಯವರದು.

ಅವರು ಯುರೋಪಿಗೂ ಪಶ್ಚಿಮ ಏಷ್ಯಾದ ದೇಶಗಳಿಗೂ ಪ್ರವಾಸ ಹೋಗಿ ಕೊಂಡದ್ದುಂಟು. ಹೊರದೇಶಗಳಲ್ಲಿ ಅವರ ಪರವಾಗಿ ಕೊಳ್ಳುವ ದಲ್ಲಾಳಿಗಳೂ ಇದ್ದರು. ನವಾಬರು ಕೊಳ್ಳುತ್ತಾರೆಂಬ ಸುದ್ದಿ ಹರಡಿದ ಮೇಲೆ ವ್ಯಾಪಾರಿಗಳೇ ಸಾಮಾನು ಹೊತ್ತು ದೇವಡಿಯ ಬಾಗಿಲಿಗೆ ಬರತೊಡಗಿದರು. ಕಾಲವೂ ಅದಕ್ಕೆ ಅನುಕೂಲವಾಗಿತ್ತು. ಒಂದನೆಯ ಮಹಾಯುದ್ಧದ ತರುವಾಯ ಯುರೋಪಿನ ಹಳೆಯ ಜಮೀನುದಾರಿ ಮನೆಗಳು ತೆರಿಗೆ ಮತ್ತು ಸಾಲಗಳ ಭಾರಕ್ಕೆ ಕುಸಿದು, ತಲೆಮಾರುಗಳಿಂದ ಬಂದ ಪೀಠೋಪಕರಣ, ಚಿತ್ರ, ಬೆಳ್ಳಿಯ ಪಾತ್ರೆಗಳು ಹರಾಜಿಗೆ ಬರುತ್ತಿದ್ದವು. ನಮ್ಮ ದೇಶದಲ್ಲಿಯೂ ಎಷ್ಟೋ ಹಳೆಯ ಮನೆತನಗಳು ಕ್ಷೀಣಿಸುತ್ತಿದ್ದವು. ಒಂದು ಮನೆ ಬರಿದಾಗದೆ ಇನ್ನೊಂದು ಮನೆ ತುಂಬುವುದಿಲ್ಲ. ಹಳೆಯ ವಸ್ತುಗಳ ವ್ಯಾಪಾರದ ಸ್ವಭಾವವೇ ಅದು.

ಆ ವ್ಯಾಪಾರದ ಮತ್ತೊಂದು ಸ್ವಭಾವವನ್ನೂ ಇಲ್ಲಿ ಹೇಳಬೇಕು. ಅಲ್ಲಿ ಕುರ್ಚಿಗೊಂದು ಬೆಲೆಯಾದರೆ, ಆ ಕುರ್ಚಿಯ ಮೇಲೆ ಯಾರು ಕುಳಿತಿದ್ದರೆಂಬ ಕಥೆಗೆ ಹತ್ತು ಬೆಲೆ. ಸಂಗ್ರಹಾಲಯದಲ್ಲಿ ದಂತದ ಕುರ್ಚಿಗಳ ಒಂದು ಜೋಡಣೆಯಿದೆ. ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆ ಟೀಪು ಸುಲ್ತಾನನಿಗೆ ಕಾಣಿಕೆಯಾಗಿ ಕಳುಹಿಸಿದವು ಇವೇ ಎಂದು ಅಲ್ಲಿ ಹೇಳಲಾಗುತ್ತದೆ. ಟೀಪುವಿಗೂ ಫ್ರೆಂಚರಿಗೂ ಸ್ನೇಹವಿದ್ದುದು ಇತಿಹಾಸ. 1786ರಲ್ಲಿ ಟೀಪು ಕೊಪ್ಪಳದ ಕೋಟೆಯನ್ನು ಹಿಡಿದು ಫ್ರೆಂಚ್ ಇಂಜಿನಿಯರರ ಕೈಯಲ್ಲಿ ಅದನ್ನು ಬಲಪಡಿಸಿದನು. ಕೆಲವೇ ವರ್ಷಗಳಲ್ಲಿ ಇಂಗ್ಲಿಷರೂ ನಿಜಾಮರ ಸೈನ್ಯವೂ ಕೂಡಿ ಮುತ್ತಿಗೆ ಹಾಕಿ ಅದನ್ನು ಕಿತ್ತುಕೊಂಡರು. ಕೊಪ್ಪಳದ ಕೋಟೆ ಸಾಲಾರ್ ಜಂಗರ ಜಾಗೀರಿನಲ್ಲಿ ಉಳಿಯಿತು. ಟೀಪುವಿನ ಹೆಸರಿನ ಕುರ್ಚಿಗಳು ಸಾಲಾರ್ ಜಂಗರ ಮನೆಗೆ ಬಂದವು.

ಅವರು ಕೂಡಿಸಿದ್ದೆಲ್ಲವನ್ನೂ ಇಲ್ಲಿ ವರ್ಣಿಸಲು ಸ್ಥಳ ಸಾಲದು. ಜೇಡ್ ಶಿಲೆಯಲ್ಲಿ ಕೊರೆದ ವಸ್ತುಗಳೇ ಒಂದು ದೊಡ್ಡ ವಿಭಾಗ. ಅದರಲ್ಲಿ ಸುಲ್ತಾನ ಇಲ್ತುತ್‌ಮಿಷನ ಹೆಸರಿರುವ ಗ್ರಂಥಪೀಠವಿದೆ. ಜಹಾಂಗೀರ, ನೂರ್‌ಜಹಾನರ ಹೆಸರಿನೊಡನೆ ಕೂಡಿಬಂದ ಕಠಾರಿಗಳಿವೆ. ಸಿಕಮೋರ್ ಮರದ ಒಂದೇ ದಿಮ್ಮಿಯಲ್ಲಿ ಕಡೆದ ಜೋಡಿ ಪ್ರತಿಮೆಯೊಂದಿದೆ: ಮುಂದೆ ನಿಂತು ನೋಡಿದರೆ ಜರ್ಮನ್ ಮಹಾಕವಿ ಗಯಟೆಯ ನಾಟಕದ ಪಿಶಾಚಿ ಮೆಫಿಸ್ಟಾಫಿಲಿಸ್ ಎದೆಸೆಟೆದು ನಿಂತಿರುತ್ತಾನೆ, ಹಿಂದಿರುವ ಕನ್ನಡಿಯಲ್ಲಿ ಅದೇ ಕಟ್ಟಿಗೆಯ ಬೆನ್ನು ತಲೆತಗ್ಗಿಸಿದ ಮುಗ್ಧೆ ಮಾರ್ಗರೀಟಳಾಗಿ ಕಾಣುತ್ತದೆ. ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿಯವರು ಒದಗಿಸಿದ ಗಡಿಯಾರವಂತೂ ಮಕ್ಕಳಿಗೂ ಮುದುಕರಿಗೂ ಪ್ರಿಯವಾದದ್ದು. ಗಂಟೆಗೊಮ್ಮೆ ಗಡ್ಡದ ಪುಟ್ಟ ಮನುಷ್ಯ ಬಾಗಿಲು ತೆರೆದು ಹೊರಬಂದು, ಹೊತ್ತಿಗೆ ತಕ್ಕಷ್ಟು ಪೆಟ್ಟು ಬಾರಿಸಿ ಒಳಗೆ ಹೋಗುತ್ತಾನೆ. ಮಧ್ಯಾಹ್ನದ ಹನ್ನೆರಡು ಪೆಟ್ಟುಗಳನ್ನು ಎಣಿಸಲೆಂದೇ ಜನ ಸೇರುತ್ತಾರೆ.

ಕನ್ನಡಿಗರು ತಪ್ಪದೆ ನೋಡಬೇಕಾದ ವಿಭಾಗ ಬಿದರಿ ಕೆಲಸದ್ದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕಹೊಯ್ದು, ಉಳಿಯಿಂದ ಬಳ್ಳಿ ಹೂಗಳನ್ನು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸುತ್ತಾರೆ. ಕಡೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ತಿಕ್ಕಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಹುಕ್ಕಾದ ಬುರುಡೆ, ಪಾನದಾನಿ, ಹೂಜಿ, ತಟ್ಟೆಗಳಾಗಿ ಇವು ನವಾಬರ ಮನೆಗಳಲ್ಲಿ ಬಳಕೆಯಾಗುತ್ತಿದ್ದವು. ಸಾಲಾರ್ ಜಂಗರ ಬಿದರಿ ಸಂಗ್ರಹ ದೇಶದ ಅತಿ ದೊಡ್ಡ ಸಂಗ್ರಹಗಳಲ್ಲಿ ಒಂದು. ಅವುಗಳನ್ನು ಮಾಡಿದ ಬೀದರಿನ ಕುಶಲಿಗರಲ್ಲಿ ಬಹುಮಂದಿಯ ಹೆಸರು ಯಾವ ಫಲಕದ ಮೇಲೆಯೂ ಇಲ್ಲ. ಕೊಂಡವರ ಹೆಸರು ಉಳಿಯಿತು, ಮಾಡಿದವರದು ಅಳಿಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ಗುಣದೋಷಗಳನ್ನು ತೂಗುವುದು ನಮ್ಮ ಕರ್ತವ್ಯ. ಸಾಲಾರ್ ಜಂಗರು ಒಂದು ಕ್ರಮವನ್ನೋ ಒಂದು ಕಾಲವನ್ನೋ ಗೊತ್ತುಮಾಡಿಕೊಂಡು ಕೊಂಡವರಲ್ಲ. ಮನಸ್ಸಿಗೆ ಬಂದದ್ದನ್ನು ಕೊಂಡರು. ಆದುದರಿಂದ ಉತ್ಕೃಷ್ಟವಾದುದರ ಪಕ್ಕದಲ್ಲಿ ಸಾಮಾನ್ಯವಾದುದೂ, ಮೂಲಕೃತಿಯ ಪಕ್ಕದಲ್ಲಿ ನಕಲೂ ಸೇರಿಕೊಂಡವು. ಯುರೋಪಿನ ಚಿತ್ರಗಳ ವಿಭಾಗದಲ್ಲಿ ಪ್ರಸಿದ್ಧ ಕೃತಿಗಳ ಪ್ರತಿಗಳೂ ಇವೆ. ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡುವಂಥದು. ಜಗತ್ತು ಬೆರಗಾಗುವ ಚಿತ್ರಗುಹೆಗಳ ನೆರೆಯ ಊರು ಅವರ ಜಾಗೀರಿನಲ್ಲಿತ್ತು. 1931ರಲ್ಲಿ ಕೊಪ್ಪಳದ ಗವಿಮಠದ ಬಳಿಯಲ್ಲಿಯೂ ಪಾಲ್ಕಿಗುಂಡು ಬೆಟ್ಟದ ಮೇಲೆಯೂ ಅಶೋಕ ಚಕ್ರವರ್ತಿಯ ಶಾಸನಗಳು ಬೆಳಕಿಗೆ ಬಂದವು. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ ಯಲಬುರ್ಗಾ ಸೀಮೆಯಲ್ಲಿದೆ. ಕೊಳ್ಳಲಾಗದ, ಹೊತ್ತು ತರಲಾಗದ ಈ ಸಂಪತ್ತು ಅವರ ಸ್ವಂತ ನೆಲದಲ್ಲಿಯೇ ಇತ್ತು. ಇವುಗಳ ಕಾವಲಿಗೆ ನಿಂತದ್ದು ಹೈದರಾಬಾದು ಸರಕಾರದ ಪುರಾತತ್ವ ಇಲಾಖೆ. ಅದು ಸ್ಥಾಪನೆಯಾದದ್ದು, ಸಾಲಾರ್ ಜಂಗರು ಅಧಿಕಾರ ಬಿಟ್ಟ ವರ್ಷವೇ ಆದ 1914ರಲ್ಲಿ. ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಆ ಇಲಾಖೆ ಇಟಲಿಯ ತಜ್ಞರನ್ನು ಕರೆಸಿ, ಉದುರಿಹೋಗುತ್ತಿದ್ದ ಅಜಂತೆಯ ಚಿತ್ರಗಳನ್ನು ಗೋಡೆಗೆ ಭದ್ರಪಡಿಸಿತು. ಮನೆಯ ಒಳಗನ್ನು ಸಿಂಗರಿಸುವುದರಲ್ಲಿ ಸಾಲಾರ್ ಜಂಗರ ಆಯುಷ್ಯ ಕಳೆಯಿತು. ನೆಲದ ಮೇಲಿದ್ದುದನ್ನು ಸಂಬಳದ ನೌಕರರು ಉಳಿಸಿದರು.

ಆದರೂ ಒಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು. ಅವರು ಕೊಂಡದ್ದನ್ನು ಮಾರಲಿಲ್ಲ. ಲಾಭಕ್ಕಾಗಿ ಕೊಳ್ಳಲಿಲ್ಲ. ಅಂದು ಅವರು ಕೊಳ್ಳದೆ ಹೋಗಿದ್ದರೆ ಎಷ್ಟೋ ಹಸ್ತಪ್ರತಿಗಳೂ, ಕಿರುಚಿತ್ರಗಳೂ, ಬಿದರಿಯ ಪಾತ್ರೆಗಳೂ ಹಡಗು ಹತ್ತಿ ಹೊರದೇಶಕ್ಕೆ ಹೋಗಿ, ಮರಳಿ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಹಳೆಯ ವಸ್ತುಗಳ ಓಟ ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ. ಯುರೋಪಿನ ವಸ್ತುಗಳನ್ನು ಭಾರತಕ್ಕೆ ತಂದು ಆ ಓಟವನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದ ಭಾರತೀಯರಲ್ಲಿ ಅವರ ಹೆಸರು ಮುಖ್ಯವಾದುದು.

1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದನ್ನು ಪ್ರವೇಶಿಸಿತು. ನಿಜಾಮರ ಆಳ್ವಿಕೆ ಕೊನೆಗೊಂಡಿತು. ಅದಾಗಿ ಆರು ತಿಂಗಳೊಳಗೆ, 1949ರ ಮಾರ್ಚ್ 2ರಂದು, ಐವತ್ತೊಂಬತ್ತರ ವಯಸ್ಸಿನಲ್ಲಿ ಸಾಲಾರ್ ಜಂಗರು ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಜಾಗೀರು ಪದ್ಧತಿ ರದ್ದಾಯಿತು. ಕೊಪ್ಪಳ ಮತ್ತು ಅಜಂತೆಗಳ ರೈತರು ಅಂದಿನಿಂದ ಸರಕಾರದ ಪ್ರಜೆಗಳಾದರು.

ಇನ್ನು ಆ ವಸ್ತುಗಳ ಗತಿಯೇನು? ಹೆಂಡಿರು ಮಕ್ಕಳಿಲ್ಲದ ಮನೆ. ಹಕ್ಕು ಹೇಳಿಕೊಂಡು ಬಂದ ಬಂಧುಗಳು ಹಲವರು. ಪಾಲಾಗಿದ್ದರೆ ರೆಬೆಕಾ ಒಬ್ಬರ ಮನೆಗೆ, ಗಡಿಯಾರ ಇನ್ನೊಬ್ಬರ ಮನೆಗೆ ಹೋಗಿ, ಅಲ್ಲಿಂದ ಮತ್ತೆ ಅದೇ ವ್ಯಾಪಾರಿಗಳ ಕೈ ಸೇರಿ, ಮೂವತ್ತೈದು ವರ್ಷದ ಸಂಗ್ರಹ ಮೂರು ತಿಂಗಳಲ್ಲಿ ಚೆದುರಿಹೋಗುವ ಸಂಭವವಿತ್ತು. ಹಾಗಾಗದಂತೆ ಸರಕಾರ ಎಚ್ಚರ ವಹಿಸಿತು. ಆಸ್ತಿಯ ಆಡಳಿತಕ್ಕೆ ಒಂದು ಸಮಿತಿ ಏರ್ಪಟ್ಟಿತು. ಆಗ ಹೈದರಾಬಾದಿನ ಆಡಳಿತವನ್ನು ನೋಡುತ್ತಿದ್ದ ಎಂ. ಕೆ. ವೆಲ್ಲೋಡಿಯವರು ಇದನ್ನು ಸಾರ್ವಜನಿಕ ಸಂಗ್ರಹಾಲಯವಾಗಿಸುವ ಯೋಚನೆಗೆ ಬೆಂಬಲವಾಗಿ ನಿಂತರು. ಸುತ್ತಲೂ ಹರಡಿದ್ದ ವಸ್ತುಗಳನ್ನು ಒಪ್ಪವಾಗಿ ಜೋಡಿಸುವ ಕಾರ್ಯಕ್ಕೆ ಕರೆಸಿಕೊಂಡದ್ದು ಡಾಕ್ಟರ್ ಜೇಮ್ಸ್ ಕಸಿನ್ಸ್ ಅವರನ್ನು. ಕನ್ನಡಿಗರಿಗೆ ಈ ಐರಿಷ್ ಕವಿಯ ಪರಿಚಯ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದವರು ಇವರೇ; ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ಸ್ಥಾಪನೆಯಲ್ಲಿ ನೆರವಾದವರೂ ಇವರೇ.

1951ರ ಡಿಸೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ದಿವಾನ್ ದೇವಡಿಯಲ್ಲಿಯೇ ಸಂಗ್ರಹಾಲಯವನ್ನು ಉದ್ಘಾಟಿಸಿದರು. ಒಂದು ಕಾಲಕ್ಕೆ ಆಹ್ವಾನವಿಲ್ಲದೆ ಕಾಲಿಡಲಾಗದ ಮನೆಗೆ ಎಲ್ಲರಿಗೂ ಪ್ರವೇಶ ದೊರೆಯಿತು. 1958ರಲ್ಲಿ ವಾರಸುದಾರರು ನ್ಯಾಯಾಲಯದ ಮೂಲಕ ರಾಜಿಯಾಗಿ ಸಂಗ್ರಹವನ್ನು ಭಾರತ ಸರಕಾರಕ್ಕೆ ಒಪ್ಪಿಸಿದರು. 1961ರಲ್ಲಿ ಲೋಕಸಭೆ ಮತ್ತು ರಾಜ್ಯಸಭೆಗಳು ಕಾಯಿದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿದವು. 1968ರಲ್ಲಿ ವಸ್ತುಗಳೆಲ್ಲ ಮೂಸಿ ನದಿಯ ದಡದ ಹೊಸ ಕಟ್ಟಡಕ್ಕೆ ಸಾಗಿದವು. ಸುಮಾರು 43,000 ಕಲಾವಸ್ತುಗಳು, 9,000 ಹಸ್ತಪ್ರತಿಗಳು, 47,000 ಅಚ್ಚಾದ ಪುಸ್ತಕಗಳು ಅಲ್ಲಿವೆಯೆಂದು ಲೆಕ್ಕ. ದಿವಾನ್ ದೇವಡಿ ಮಾತ್ರ ಉಳಿಯಲಿಲ್ಲ. ಕಾಲಕ್ರಮದಲ್ಲಿ ಮಹಲುಗಳನ್ನು ಕೆಡವಿದರು. ಹೆಬ್ಬಾಗಿಲುಗಳಷ್ಟೇ ಗುರುತಿಗೆ ನಿಂತವು. ಒಳಗಿನ ಸಾಮಾನು ಉಳಿದು, ಸಾಮಾನಿಗೆ ಶೋಭೆ ಕೊಡುತ್ತಿದ್ದ ಕೋಣೆಗಳು ಅಳಿದವು. ಯಾವ ಕುರ್ಚಿ ಯಾವ ಕಿಟಕಿಯ ಬಳಿಯಲ್ಲಿತ್ತು, ಯಾವ ದೀಪ ಯಾವ ಕನ್ನಡಿಯಲ್ಲಿ ಪ್ರತಿಫಲಿಸುತ್ತಿತ್ತು ಎಂಬ ಆ ಮನೆಯ ವಿನ್ಯಾಸವನ್ನು ಇನ್ನು ಯಾರೂ ಕಾಣಲಾರರು.

ನಡುವೆ 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯವೇ ಭಾಷೆಗಳ ಪ್ರಕಾರ ಮೂರು ಪಾಲಾಯಿತು. ಕೊಪ್ಪಳ, ಯಲಬುರ್ಗಾ ನಮ್ಮ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಕೊಪ್ಪಳವೇ ಒಂದು ಜಿಲ್ಲೆಯಾಯಿತು. ಅಜಂತೆಯೂ ಆಗಿನ ಔರಂಗಾಬಾದು ಜಿಲ್ಲೆಯೂ ಮುಂಬಯಿ ರಾಜ್ಯಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದ ಭಾಗಗಳಾದವು. ಜಾಗೀರಿನ ಮತ್ತೊಂದು ತಾಲ್ಲೂಕಾದ ಕೋಸಗಿ ತೆಲುಗರ ಪಾಲಿಗೆ ಹೋಗಿ, ಇಂದು ತೆಲಂಗಾಣದಲ್ಲಿದೆ. ಕಂದಾಯ ಕೊಟ್ಟ ನೆಲ ಮೂರಾಗಿ ಹಂಚಿಹೋಯಿತು. ಆ ಕಂದಾಯದಿಂದ ಕೊಂಡ ವಸ್ತುಗಳು ಮಾತ್ರ ಹಂಚಿಹೋಗದೆ ಒಂದೇ ಸೂರಿನಡಿ ಉಳಿದವು. ಅವುಗಳನ್ನು ಈಗ ಯಾವ ಒಂದು ಭಾಷೆಯವರೂ ತಮ್ಮವೇ ಎನ್ನುವಂತಿಲ್ಲ.

ಸಾಲಾರ್ ಜಂಗರನ್ನು ದಾನಶೂರರೆಂದು ಹೊಗಳುವವರಿದ್ದಾರೆ. ಪ್ರಜೆಗಳ ದುಡ್ಡನ್ನು ಆಟಿಕೆಗಳಿಗೆ ಸುರಿದವರೆಂದು ಹಳಿಯುವವರೂ ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಎರಡೂ ಅತಿಯಾದ ಮಾತುಗಳು. ಅವರು ತಮ್ಮ ಸಂತೋಷಕ್ಕಾಗಿ ಕೂಡಿಸಿದರು. ಅದನ್ನು ಎಲ್ಲರ ಸಂತೋಷವನ್ನಾಗಿ ಮಾಡಿದ್ದು ಸ್ವತಂತ್ರ ಭಾರತದ ಕಾಯಿದೆ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಇಂದು ನಮಗೆ ನೋಡಲು ಏನೂ ಇರುತ್ತಿರಲಿಲ್ಲ. ಅವೆರಡಕ್ಕೂ ಹಿಂದೆ ನಿಂತದ್ದು, ಯಾವ ಪುಸ್ತಕದಲ್ಲಿಯೂ ಹೆಸರು ಬಾರದ ರೈತನ ಬೆವರು.

ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ರಜೆ ಸಿಗುವುದೇ ದುರ್ಲಭವೆಂಬುದನ್ನು ನಾವು ಬಲ್ಲೆವು. ಆದರೂ ಹೈದರಾಬಾದಿನ ಮೇಲಿಂದ ಊರಿಗೆ ಹೋಗುವ ಸಂದರ್ಭ ಬಂದಾಗ, ಗಾಡಿ ಬದಲಿಸುವ ನಡುವೆ ಅರ್ಧ ದಿನ ದೊರೆತರೆ, ಸಾಲಾರ್ ಜಂಗ್ ಸಂಗ್ರಹಾಲಯಕ್ಕೆ ಹೋಗಿರೆಂದು ನಮ್ಮ ಸೂಚನೆ. ಜೊತೆಗೆ ಕೆಲಸ ಮಾಡುವ ಮರಾಠಿ ಗೆಳೆಯರಿದ್ದರೆ ಅವರನ್ನೂ ಕರೆದೊಯ್ಯಿರಿ. ಅಲ್ಲಿ ಅವರ ಪಾಲೂ ಇದೆ. ಅಲ್ಲಿನ ವೈಭವವನ್ನು ಕಂಡು ಕುಗ್ಗುತ್ತ, ದೊಡ್ಡವರ ಮನೆಗೆ ಬಂದ ಬಡವರಂತೆ ಮೂಲೆಯಲ್ಲಿ ನಿಲ್ಲಬೇಕಾಗಿಲ್ಲ. ಕೊಪ್ಪಳದ ಎರೆಹೊಲದಲ್ಲಿಯೋ ಅಜಂತೆಯ ಘಾಟಿನ ಕೆಳಗೆಯೋ ದುಡಿದ ಯಾರೋ ಒಬ್ಬ ಹಿರಿಯ ನಿಮ್ಮ ಟಿಕೇಟಿನ ಹಣವನ್ನು ಬಹಳ ಹಿಂದೆಯೇ ಕಟ್ಟಿದ್ದಾನೆ.